ಬಸ್ಸು ಬೇಡಿ ತಂದ ಕ್ರೂಸರ್ ಮಾಮಾ

ಮಾಮಾ ತೀರಿಕೊಂಡಾಗ ಅವರ ಮಣ್ಣಿಗೆ ನಾವೆಲ್ಲ ಸರ್ಕಾರಿ ಬಸ್ಸಿನಲ್ಲಿ ಹೋದೆವು. ಊರಲ್ಲಿ ಬೇರೆ ಗಾಡಿ ಇರಲಿಲ್ಲ. ಇದ್ದದ್ದು ಒಂದೇ, ಅದು ಅವರದೇ, ಅದೂ ಮಾರಿಹೋಗಿ ಬಹಳ ದಿನವಾಗಿತ್ತು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಬಿಸಿಲಲ್ಲಿ ಕಬರಸ್ತಾನದ ಕಡೆ ಕಾಲೆಳೆಯುತ್ತ ಹೊರಟಾಗ ಹಿಂದಿನಿಂದ ಒಬ್ಬರು, "ಮಾಮಾ ಇದ್ದಿದ್ರ ಅಗದೀ ಬಾಗಲಾ ತನಕಾ ತಂದು ಇಳಸ್ತಿದ್ದ ನೋಡ್ರಿ" ಅಂದರು. ಬೇರೆ ದಿನವಾಗಿದ್ದರೆ ನಗು ಬರುವಂಥ ಮಾತು. ಯಾರಿಗೂ ಬರಲಿಲ್ಲ.

ನಾನು ಆಗಲೂ ವಾಪಸು ಬಸ್ಸಿನ ಚಿಂತೆಯಲ್ಲಿದ್ದೆ. ಎಷ್ಟು ಹೊತ್ತಿಗಿದೆಯೋ, ಸೀಟು ಸಿಗುತ್ತದೋ ಇಲ್ಲವೋ. ಹಿಡಿ ಮಣ್ಣು ಹಾಕಲು ಬಂದವನಿಗೆ ಬರಬೇಕಾದ ಚಿಂತೆಯೇ ಇದು? ಆದರೆ ನನ್ನ ತಲೆ ಇರುವುದೇ ಹಾಗೆ. ರೋಣದಲ್ಲಿ ಮನೆ, ಗಜೇಂದ್ರಗಡದ ಕಡೆಯ ಒಂದು ಹಳ್ಳಿಯ ಸರ್ಕಾರಿ ದವಾಖಾನೆಯಲ್ಲಿ ಔಷಧಿ ಕೊಡುವ ಕೆಲಸ. ಊರಿಗೆಲ್ಲ ಬಿಪಿ ಗುಳಿಗೆ ಕೊಡುವವನೂ ನಾನೇ, ಎಲ್ಲರಿಗಿಂತ ತಪ್ಪದೆ ನುಂಗುವವನೂ ನಾನೇ. ಬಸ್ಸು ಹೊರಡುವ ಬಹಳ ಮೊದಲೇ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತೇನೆ; ನಿಂತ ಮೇಲೆ, ಬಸ್ಸು ಇವತ್ತು ಬರುವುದೇ ಇಲ್ಲವೇನೋ ಎಂದು ಬೆವರುತ್ತೇನೆ; ಬಂದ ಮೇಲೆ, ಅರ್ಧ ದಾರಿಯಲ್ಲಿ ಕೆಟ್ಟರೆ ಎಂದು ಕಿಡಕಿಯಿಂದ ಟಾಯರು ನೋಡುತ್ತೇನೆ. ಇಂಥ ಮನುಷ್ಯನಿಗೆ ದೇವರು ಕೊಟ್ಟ ಪರಿಹಾರ ಮಾಮಾ ಆಗಿದ್ದರು.

ಅವರಿಗೆ ಹೆಸರಿತ್ತು, ರೇಷನ್ ಕಾರ್ಡಿನಲ್ಲಿ. ಊರಿಗೆ ಅವರು ಮಾಮಾ. ಮುದುಕರಿಗೂ ಮಾಮಾ, ಕೂಸುಗಳಿಗೂ ಮಾಮಾ, ಸ್ವಂತ ಹೆಂಡತಿಯೂ ಜನರೆದುರು ಹಾಗೆಯೇ ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡದ್ದನ್ನು ನಾನು ಕಂಡಿದ್ದೇನೆ. ಉದ್ದ ದೇಹ, ಕೊರಳಲ್ಲಿ ಚೌಕಳಿ ಟವೆಲ್. ಬಲಗೈ ಮೊಣಕೈವರೆಗೆ ಸದಾ ಕಿಡಕಿಯ ಹೊರಗೆ ಇರುತ್ತಿದ್ದುದರಿಂದ ಆ ಕೈ ಒಂದು ಬಣ್ಣ, ಎಡಗೈ ಇನ್ನೊಂದು ಬಣ್ಣ. ಹಾರ್ನು ಒತ್ತುತ್ತಿರಲಿಲ್ಲ. ಬಾಗಿಲಿನ ತಗಡಿಗೆ ಹೊರಗಿನಿಂದ ಅಂಗೈಯಲ್ಲಿ ಬಡಿಯುತ್ತಿದ್ದರು. ಎಮ್ಮೆಗಳಿಗೂ ಆ ಸಪ್ಪಳ ಗೊತ್ತಿತ್ತು.

ಅವರ ಕ್ರೂಸರ್ ಗಾಡಿ ಊರ ಅಗಸಿ ಬಾಗಿಲ ಮುಂದೆ ನಿಲ್ಲುತ್ತಿತ್ತು. ಸರ್ಕಾರಿ ಬಸ್ಸು ಬರುವುದಕ್ಕೆ ಸ್ವಲ್ಪ ಮೊದಲು, ಬಸ್ಸಿಗೆಂದು ಮಂದಿ ಅಲ್ಲಿಯ ಕಟ್ಟೆಯ ಮೇಲೆ ಕೂಡಿದಾಗ, ಅವರು ಇಂಜಿನ್ ಚಾಲೂ ಮಾಡುತ್ತಿದ್ದರು. ಗಾಡಿ ಎರಡು ಮಾರು ಮುಂದೆ ಹೋಗುತ್ತಿತ್ತು. "ಹೊಂಟತಿ, ಹೊಂಟತಿ, ಹೊಂಟೇ ಬಿಡ್ತು!" ಜನ ಓಡಿ ಬಂದು ಹತ್ತುತ್ತಿದ್ದರು. ಹತ್ತಿದ ಮೇಲೆ ಗಾಡಿ ಮೆಲ್ಲಗೆ ಎರಡು ಮಾರು ಹಿಂದೆ ಬಂದು ಮತ್ತೆ ನಿಲ್ಲುತ್ತಿತ್ತು. ಈ ಆಟ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪ್ರತಿ ಸಲ, ಇವತ್ತು ನಿಜವಾಗಿ ಹೊರಟರೆ ಏನು ಗತಿ ಎಂದು ಚೀಲ ಎದೆಗವಚಿಕೊಂಡು ಓಡುತ್ತಿದ್ದವನು ನಾನೇ. ನಾನು ಓಡುವುದನ್ನು ನೋಡಿ ಉಳಿದವರೂ ಓಡುತ್ತಿದ್ದರು. "ನಮ್ಮ ಗುಳಿಗಿ ಸಾಹೇಬ್ರು ಇದ್ರ ನನಗ ಏಜೆಂಟ ಬ್ಯಾಡ್ರಿ" ಎನ್ನುತ್ತಿದ್ದರು ಮಾಮಾ.

ಮಂದಿಯನ್ನು ಕೂಡಿಸುವುದು ಅವರ ಕಲೆ. ಇನ್ನು ಸೂಜಿ ಹಾಕಲೂ ಜಾಗವಿಲ್ಲ ಎನ್ನುವಾಗ ಬಾಗಿಲಲ್ಲಿ ಬಗ್ಗಿ, "ಜರಾ ಸರೀರಿ ಅಕ್ಕಾರ. ಕಾಕಾ, ಮೊಣಕಾಲು ನಿಮ್ಮವ ಅಲ್ಲೇನು, ಮಡಚ್ರಿ" ಎಂದು ಮತ್ತೆ ಇಬ್ಬರನ್ನು ತೂರಿಸುತ್ತಿದ್ದರು. ಯಾರಾದರೂ ಗೊಣಗಿದರೆ ಉತ್ತರ ಸಿದ್ಧವಿತ್ತು: "ಸೀಟು ಸಣ್ಣದಿಲ್ರಿ, ಮನಸ್ಸು ಸಣ್ಣದ ಮಾಡ್ಕೊಂಡು ಕುಂತೀರಿ."

ಬಸ್ಸಿನ ಡ್ರೈವರ್ ಒಬ್ಬನಿಗೂ ಇವರಿಗೂ ದಿನಾ ಜಗಳ. ಖಾಲಿ ಕಟ್ಟೆಯೆದುರು ಬಸ್ಸು ನಿಲ್ಲಿಸಿ ಅವನು ಬಗ್ಗಿ ಕೂಗುತ್ತಿದ್ದ:

"ಏ ಮಾಮಾ, ದಿನಾ ನನ್ನ ಮಂದೀನ್ನ ಕದ್ದು ಒಯ್ತೀಯಲ್ಲೊ, ನಾಚಿಕಿ ಬರೂದಿಲ್ಲೇನು?"

"ನಿನ್ನ ಮಂದಿ ಅಲ್ಲಪಾ ಅವು. ನೀ ಬಿಟ್ಟ ಮಂದಿ."

"ಇವತ್ತ ಟೈಮಿಗೆ ಬಂದೀನಿ!"

"ಇವತ್ತಿಂದಲ್ಲಪಾ, ಅದು ನಿನ್ನಿ ಟೈಮು."

ಹೀಗೆ ಬೈದಾಡುತ್ತಲೇ ಅವನು ಎಲೆ ಅಡಿಕೆ ಚೀಲ ಚಾಚುತ್ತಿದ್ದ, ಇವರು ಅದರಲ್ಲಿ ಕೈ ಹಾಕುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಮಾತ್ರ ಮಾಮಾ ಗಾಡಿ ತೆಗೆಯುತ್ತಿರಲಿಲ್ಲ. ನಮಾಜಿಗೆ ಹೋಗುವ ದಾರಿಯಲ್ಲಿ ಕಟ್ಟೆಯ ಮೇಲಿನವರಿಗೆ, "ಇವತ್ತ ಬಸ್ಸಿಗೆ ಹೋಗ್ರಿ, ಅದಕ್ಕೂ ಹೊಟ್ಟಿ ಐತಿ" ಎಂದು ಹೇಳಿ ಹೋಗುತ್ತಿದ್ದರು. ಹೆರಿಗೆ ನೋವಿನವರನ್ನು, ಹಾವು ಕಚ್ಚಿದವರನ್ನು ಕರೆದೊಯ್ಯಲು ಮಾತ್ರ ವಾರ, ನಮಾಜು ಯಾವುದೂ ಅಡ್ಡ ಬರುತ್ತಿರಲಿಲ್ಲ. ದವಾಖಾನೆಯಿಂದ ನಾನು ಹೊರಬಂದು ಕೈ ಎತ್ತಿದರೆ ಸಾಕು, ಕೂತ ಪ್ರಯಾಣಿಕರನ್ನೆಲ್ಲ ಇಳಿಸಿ ಗಾಡಿ ತಿರುಗಿಸುತ್ತಿದ್ದರು.

ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದಾಗ ಅವರಿಗೆ ಮೊದಲ ಪೆಟ್ಟು ಬಿತ್ತು. ಹೆಂಗಸರು ಬಸ್ಸಿಗೆ ಹೋದರು, ಹೆಂಗಸರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಗಂಡಂದಿರು. "ಹೇಣ್ತಿ ಬಸ್ಸಿನ್ಯಾಗ, ಗಂಡ ನನ್ನ ಗಾಡ್ಯಾಗ ಕುಂತ್ರ ಸಂಸಾರ ಆಗ್ತೈತೇನ್ರಿ ಸಾಹೇಬ್ರ?" ಎಂದು ನನ್ನನ್ನೇ ಕೇಳುತ್ತಿದ್ದರು. ಆದರೂ ನಡೆಯುತ್ತಿತ್ತು. ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ತಾಸುಗಟ್ಟಲೆ ತಡವಾಗುತ್ತಿತ್ತು. ಕಾದು ಸಾಕಾದವರು, ಜೋಳದ ಚೀಲದವರು, ಕೋಳಿ ಬುಟ್ಟಿಯವರು ಕ್ರೂಸರ್ ಕಡೆ ನೋಡುತ್ತಿದ್ದರು.

ಆಮೇಲೆ ಒಂದು ದಿನ ಮಧ್ಯಾಹ್ನದ ಬಸ್ಸು ನಿಂತಿತು. ಮರುವಾರ ಸಂಜೆಯದೂ ನಿಂತಿತು. ಗಾಡಿ ಕಡಿಮೆ ಇವೆಯಂತೆ, ಡ್ರೈವರುಗಳಿಲ್ಲವಂತೆ, ನಮ್ಮ ದಾರಿಯಲ್ಲಿ ಟಿಕೆಟ್ ತಗೊಳ್ಳುವವರಿಲ್ಲವಂತೆ, ಏನೇನೋ ಮಾತು. ನಾನು ಆ ವಾರ ಬಿಪಿ ಗುಳಿಗೆಯ ಪ್ರಮಾಣವನ್ನು ನಾನೇ ಹೆಚ್ಚಿಸಿಕೊಂಡೆ. ಊರಿನವರು ಮಾಮಾನನ್ನು ಚುಡಾಯಿಸಿದರು: "ಇನ್ನೇನ ಮಾಮಾ, ನಿಂದ ರಾಜ್ಯ! ಸರ್ಕಾರಾನ ಓಡಿಸಿಬಿಟ್ಟಿ."

ಮಾಮಾ ನಗಲಿಲ್ಲ. ಅವರಿಗೆ ಆಗಲೇ ಗೊತ್ತಾಗಿತ್ತು. ಬಸ್ಸು ನಿಂತ ಕೆಲವೇ ದಿನಗಳಲ್ಲಿ ಅಗಸಿಯ ಕಟ್ಟೆ ಖಾಲಿಯಾಯಿತು. ಬಸ್ಸು ಇಲ್ಲವೆಂದ ಮೇಲೆ ಜನ ಕಟ್ಟೆಗೆ ಬರುವುದನ್ನೇ ಬಿಟ್ಟರು. ಯಾರದೋ ಬೈಕಿನ ಹಿಂದೆ ಕೂತು ಹೋದರು, ನಾಳೆ ಹೋದರಾಯಿತು ಎಂದು ಮನೆಯಲ್ಲೇ ಉಳಿದರು, ಬೆಳಗಿನ ಬಸ್ಸಿಗೇ ಎಲ್ಲ ಕೆಲಸ ಕಟ್ಟಿಟ್ಟುಕೊಂಡರು. ಮಾಮಾ ಇಂಜಿನ್ ಚಾಲೂ ಮಾಡಿ ಎರಡು ಮಾರು ಮುಂದೆ ಹೋಗುತ್ತಿದ್ದರು. ನಾನೊಬ್ಬನೇ ಓಡಿ ಹೋಗಿ ಹತ್ತುತ್ತಿದ್ದೆ. ಗಾಡಿ ಹಿಂದೆ ಬಂದು ನಿಲ್ಲುತ್ತಿತ್ತು. ಇಬ್ಬರೂ ಹೊರಗೆ ನೋಡುತ್ತ ಕೂರುತ್ತಿದ್ದೆವು.

"ಬಸ್ಸು ಐತಿ ಅಂತ ಮಂದಿ ಬರ್ತಿತ್ರಿ. ಬಸ್ಸು ಬರಲಿಲ್ಲಂತ ನನ್ನ ಗಾಡಿ ಹತ್ತತಿತ್ತು" ಎಂದರು ಒಂದು ಸಂಜೆ. "ಈಗ ಕಾಯಾಕ ಏನೈತಿ? ಕಾಯೋ ಮಂದೀನ ಇಲ್ಲಂದ್ರ ನಾ ಯಾರನ್ನ ಹೇರಲಿ?"

ಬಸ್ಸನ್ನು ವಾಪಸು ತರಬೇಕು ಎಂದು ನಿರ್ಧಾರ ಮಾಡಿದವರು ಅವರೇ. ಡಿಪೋಕ್ಕೆ ಹೋಗುವಾಗ ಧೈರ್ಯಕ್ಕೆಂದು ನನ್ನನ್ನು ಕರೆದುಕೊಂಡು ಹೋದರು. ಧೈರ್ಯಕ್ಕೆ ನನ್ನನ್ನು ಕರೆದವರು ನನ್ನ ಆಯುಷ್ಯದಲ್ಲಿ ಅವರೊಬ್ಬರೇ. ಅಲ್ಲಿಯ ಸಾಹೇಬರು ಎಲ್ಲ ಕೇಳಿಕೊಂಡು, "ನೀವೇನು ಕೆಲಸ ಮಾಡ್ತೀರಿ?" ಅಂದರು.

"ಗಾಡಿ ಓಡಸ್ತೀನ್ರಿ."

"ಯಾವ ಗಾಡಿ?"

"ಅದ ದಾರ್‍ಯಾಗ ಕ್ರೂಸರ್ ಐತ್ರಿ ನಂದು."

ಸಾಹೇಬರು ಕನ್ನಡಕ ತೆಗೆದರು. "ಅಂದ್ರ ನಮ್ಮ ಪ್ಯಾಸೆಂಜರ್ ಒಯ್ಯೋರು ನೀವ. ಈಗ ಬಸ್ಸು ಬೇಕಂತ ಬಂದೋರೂ ನೀವ?"

"ಹೌದ್ರಿ. ಸಂತಿ ಇದ್ದಲ್ಲೇ ಅಲ್ಲೇನ್ರಿ ಚಹಾದಂಗಡಿ ನಡೆಯೋದು? ನೀವು ಸಂತೀನ ಎತ್ತಿಬಿಟ್ರಿ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಚಹಾ ತರಿಸಿದರು. ಎಂಟು ದಿನ ಎರಡೂ ಟ್ರಿಪ್ ಬಿಟ್ಟು ನೋಡುತ್ತೇನೆ, ಮಂದಿ ತುಂಬಿದರೆ ಮುಂದುವರಿಸೋಣ, ಇಲ್ಲವೆಂದರೆ ಮತ್ತೆ ಈ ಬಾಗಿಲಿಗೆ ಬರಬೇಡಿ ಅಂದರು. ಹೊರಗೆ ಬರುವಾಗ ನಾನು ಹೇಳಿದೆ, "ಮಾಮಾ, ತುಂಬಲಿಲ್ಲಂದ್ರ?" ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ತುಂಬೂ ಕೆಲಸ ನನಗ ಹೇಳಿಕೊಡ್ತೀರೇನ್ರಿ?"

ಆ ಎಂಟು ದಿನ ಅವರ ದುಡಿಮೆಯೆಲ್ಲ ಬಸ್ಸಿಗೇ. ತಮ್ಮ ಗಾಡಿಗೆ ಒಬ್ಬರನ್ನೂ ಹತ್ತಿಸಿಕೊಂಡು ರೋಣಕ್ಕೆ ಹೋಗಲಿಲ್ಲ. ಹೊಲದ ಮನೆಗಳಿಗೆ, ದೂರದ ತಾಂಡಾಕ್ಕೆ, ಬಸ್ಸು ಕಾಣದ ಒಳದಾರಿಗಳಿಗೆ ಗಾಡಿ ತಗೊಂಡು ಹೋಗಿ, ಮಂದಿಯನ್ನು ತುಂಬಿಕೊಂಡು ಬಂದು ಅಗಸಿಯಲ್ಲಿ ಬಸ್ಸಿಗೆ ಸುರಿದರು. ಕೆಲಸವಿಲ್ಲದವರನ್ನೂ ಎಬ್ಬಿಸಿದರು. "ನನಗ ರೋಣದಾಗ ಏನೂ ಕೆಲಸ ಇಲ್ಲೋ ಮಾರಾಯಾ" ಅಂದವನಿಗೆ, "ಕಟಿಂಗ್ ಮಾಡಸ್ಕೊಂಡು ಬಾ, ತಲಿ ಕರಡಿಯಂಗ ಬೆಳದೈತಿ" ಅಂದರು. ಬಸ್ಸಿನ ಬಾಗಿಲಲ್ಲಿ ನಿಂತು, "ಜರಾ ಸರೀರಿ, ಇನ್ನೂ ನಾಕ ಮಂದಿ ಹಿಡೀತಾರ" ಎಂದು ಸರ್ಕಾರದ ಸೀಟಿನಲ್ಲೂ ಮೊಣಕಾಲು ಮಡಚಿಸಿದರು. ಬಸ್ಸಿನ ಡ್ರೈವರ್ ಸ್ಟೇರಿಂಗ್ ಮೇಲೆ ಕೈ ಬಿಟ್ಟು ಕೂತು ಇವರನ್ನೇ ನೋಡುತ್ತಿದ್ದ. "ಹುಚ್ಚ ಹಿಡದೈತೇನೋ ಮಾಮಾ ನಿನಗ?" ಅಂದ.

ತುಂಬಬೇಕಾದಷ್ಟು ತುಂಬಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವರು ವಿಪರೀತ ತುಂಬಿದರು. ಡಿಪೋದವರಿಗೆ ಈ ದಾರಿ ಬಂಗಾರದ ಗಣಿಯಂತೆ ಕಂಡಿತು. ನಿಲ್ಲಿಸಿದ ಎರಡೂ ಟ್ರಿಪ್ ಕಾಯಂ ಆದವು. ಅದರ ಮೇಲೆ ರೋಣದಿಂದ ನಮ್ಮೂರ ಮೇಲೆ ಹಾಯ್ದು ಗಜೇಂದ್ರಗಡಕ್ಕೆ ಹೋಗುವ ಹೊಸ ಬಸ್ಸು ಬಂತು. ರಾತ್ರಿ ಊರಲ್ಲೇ ಮಲಗಿ ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸೂ ಬಂತು. ಹೊಸ ಬಸ್ಸು ಬಂದ ದಿನ ಅದಕ್ಕೊಂದು ಚೆಂಡುಹೂವಿನ ಹಾರ ಹಾಕಿದರು, ಮಾಮಾನ ಕೊರಳಿಗೂ ಒಂದು ಹಾಕಿದರು. ಹಲಗೆ ಬಾರಿಸಿದರು. ಬಸ್ಸು ತಂದ ಮಾಮಾ ಎಂದು ಊರ ಹಿರಿಯರು ಎರಡು ಮಾತೂ ಆಡಿದರು. ಹಾರ ಹಾಕಿಕೊಂಡೇ ಅವರು ಹೋಗಿ ತಮ್ಮ ಗಾಡಿಯಲ್ಲಿ ಕೂತರು. ಅವತ್ತು ಊರಿಗೆ ಊರೇ ಬಸ್ಸು ಹತ್ತಿ ಹೋಯಿತು. ನಾನೂ ಹತ್ತಿದೆ, ಹೊಸ ಬಸ್ಸಿನ ಟಾಯರು ಹೊಸವಿದ್ದವು.

ಆಮೇಲೆ ಯಾರೂ ಕಾಯಲಿಲ್ಲ. ಒಂದು ಬಸ್ಸು ತಪ್ಪಿದರೆ ಹಿಂದೆ ಇನ್ನೊಂದಿತ್ತು. ಮಾಮಾ ಒಬ್ಬರೇ ಕಾದರು. ಹೊಸತರಲ್ಲಿ ಎಲ್ಲ ಹೀಗೇ, ನಾಲ್ಕು ವಾರ ಕಳೆದರೆ ಬಸ್ಸು ತಡವಾಗಲು ಸುರು ಆಗುತ್ತದೆ ಎಂದು ಅವರ ಲೆಕ್ಕ. ಬಸ್ಸು ತಡವಾಗಲಿಲ್ಲ. "ಅದು ತಡಾ ಆಗ್ತೈತಿ ಅನ್ನೂದರ ಮ್ಯಾಲ ಬಾಳುವೆ ಮಾಡಿದೆ ನೋಡ್ರಿ" ಅಂದರು. "ಅದೂ ಕೈ ಕೊಟ್ಟಿತು."

ಅವರ ಮಗಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದರು. ಅಳಿಯ ಒಂದು ದಾರಿ ತೋರಿಸಿದ. ಅಲ್ಲಿಯ ಒಂದು ಸಾಲಿಯವರಿಗೆ ಶಾಲಾ ಮಕ್ಕಳ ವ್ಯಾನಿಗೆ ಡ್ರೈವರ್ ಬೇಕಾಗಿತ್ತು, ವಯಸ್ಸಾದವರೇ ಆದರೆ ಚಲೋ ಎಂದಿದ್ದರು. ಸಾಲಿ ಸುರು ಆಗುವುದರೊಳಗೆ ಹೇಳಬೇಕು. ಇತ್ತ ನರಗುಂದದಿಂದ ಒಬ್ಬ ಗಿರಾಕಿ ಬಂದು ಕ್ರೂಸರನ್ನು ಸುತ್ತು ಹಾಕಿ ನೋಡಿ, ಒಪ್ಪಿಕೊಂಡು ಹೋಗಿದ್ದ. ಮಾಮಾ ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಿಗ್ಗೆ ದವಾಖಾನೆಗೆ ಬಂದು, ನಿದ್ದೆ ಗುಳಿಗೆ ಐತೇನ್ರಿ ಎಂದು ಕೇಳಿದರು. ನಾನು ಹೇಳಿದೆ, "ಮಾಮಾ, ಮಾರಿಬಿಡ್ರಿ. ವ್ಯಾನು ಹೊಡೀರಿ. ತಿಂಗಳಾ ಪಗಾರ ಬರ್ತೈತಿ." ಅವರು, "ಹೌದ್ರಿ, ಹಂಗ ಮಾಡ್ತೀನಿ" ಅಂದರು. ಎದ್ದು ಹೋಗುವಾಗ ಬೆನ್ನು ಸ್ವಲ್ಪ ನೆಟ್ಟಗಾದಂತೆ ಕಂಡಿತು. ನನ್ನ ಮಾತು ಒಬ್ಬರು ಕೇಳಿದರಲ್ಲ ಎಂದು ನನಗೇ ಭಯವಾಯಿತು.

ಕೆಟ್ಟದ್ದು ಅಲ್ಲಿಯೇ. ಔಷಧಿಗೆ ಕಾದು ನಿಂತಿದ್ದವರು ಆ ಮಾತನ್ನು ಕೇಳಿಸಿಕೊಂಡರು.

ಆ ಊರಿನಲ್ಲಿ ಬಿಡಿಸಲಾಗದ ಯಾವ ಗಂಟಿಗೂ ಒಂದೇ ಮದ್ದು: ಪಾಳಿ. ಮಠದ ಅಜ್ಜನವರ ಊಟಕ್ಕೆ ಮನೆಗೊಂದು ಪಾಳಿ. ನಲ್ಲಿ ನೀರಿಗೆ ಪಾಳಿ. ಊರ ದನ ಕಾಯಲು ಪಾಳಿ. ಒಂಟಿ ಮುದುಕನೊಬ್ಬ ಹಾಸಿಗೆ ಹಿಡಿದಾಗ ರೊಟ್ಟಿ ಕೊಡಲಿಕ್ಕೂ ಓಣಿಯವರು ಪಾಳಿ ಹಚ್ಚಿದ್ದರು. ಕೆಳಗಿನ ಓಣಿಯಿಂದ ರೋಣದ ಪೇಟೆಗೆ ಹೋಗಿ ಸಂಜೆ ಕಾಯಿಪಲ್ಲೆ ಮಾರುವ ಮುದುಕಿ ಒಬ್ಬಳಿದ್ದಳು, ಎಲ್ಲರಿಗೂ ಆಯಿ. ಕಿವಿ ಮಂದ, ಹೃದಯ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ದವಾಖಾನೆಯ ಬೆಂಚಿನ ಮೇಲೆ ಕೂತು ಅವಳು ತೀರ್ಪು ಕೊಟ್ಟಳು:

"ಅವನ ಗಾಡಿ ಇಲ್ಲಂದ್ರ ನಾಳೆ ಹಡೆಯಾಕ ಹೋಗೋ ಹುಡಿಗ್ಯಾರನ್ನ ಯಾರ ಒಯ್ತಾರ, ನಿಮ್ಮಪ್ಪ ಒಯ್ತಾನೇನು? ಅಂವಾ ನಮಗ ಬಸ್ಸು ತಂದ. ಬಸ್ಸು ಬಂದು ಅವನ ಅನ್ನಾ ಹೋತು. ಓಣಿಗೊಂದ ದಿನಾ ಪಾಳಿ ಹಚ್ರಿ. ಪಾಳಿ ಇದ್ದವರು ಆವತ್ತ ಅವನ ಗಾಡ್ಯಾಗ ಹೋಗ್ಬೇಕು. ಅವಗ ಮಾತ್ರ ಗೊತ್ತಾಗಬಾರದು."

"ಹೆಣ್ಣಮಕ್ಕಳಿಗೆ ಬಸ್ಸು ಪುಕ್ಕಟೆ ಐತಲ್ಲ ಆಯಿ?" ಎಂದು ಹಿಂದೊಮ್ಮೆ ಹಾವು ಕಚ್ಚಿಸಿಕೊಂಡಿದ್ದ ಒಬ್ಬಳು ಕೇಳಿದಳು.

"ನಿನ್ನ ಜೀವಾ ಉಳಿಸಿದ್ದಕ್ಕ ಅಂವಾ ಟಿಕೀಟ ಹರದಿದ್ನೇನು?"

ಅವತ್ತೇ ಓಣಿಗೊಂದು ದಿನ ಗೊತ್ತಾಯಿತು. ಪರವೂರಿನವನಾದರೂ ದಿನಾ ಓಡಾಡುವವನು ಎಂದು ನನಗೂ ಒಂದು ಪಾಳಿ ಬಂತು, ಗುರುವಾರ, ಕೆಳಗಿನ ಓಣಿಯ ಜೊತೆ. ಒಳ್ಳೆಯ ಕೆಲಸ ಎಂದು ಎಲ್ಲರಿಗೂ ಅನ್ನಿಸಿತು, ನನಗೂ ಅನ್ನಿಸಿತು. ಅವರು ವ್ಯಾನಿನ ಕೆಲಸಕ್ಕೆ ಹೇಗೂ ಹೋಗುವವರು, ಹೋಗುವತನಕ ನಾಲ್ಕು ದಿನ ಗಾಡಿ ತುಂಬಿದರೆ ಸಮಾಧಾನ ಎಂದುಕೊಂಡೆ.

ಗಾಡಿ ತುಂಬತೊಡಗಿತು. ಮಾಮಾ ಮೊದಲ ದಿನ ನಂಬಲಿಲ್ಲ, ಎರಡನೆಯ ದಿನ ಕನ್ನಡಿಯಲ್ಲಿ ಹಿಂದೆ ಹಿಂದೆ ನೋಡಿಕೊಂಡರು, ವಾರ ಕಳೆಯುವುದರಲ್ಲಿ ಮತ್ತೆ ಬಾಗಿಲಿಗೆ ಅಂಗೈ ಬಡಿಯತೊಡಗಿದರು. ಬಣ್ಣ ಮಾಸಿದ ಸೀಟುಗಳಿಗೆ ಕೆಂಪು ಕವರು ಹೊಲಿಸಿದರು. "ಬಸ್ಸಿನ್ಯಾಗ ಉಸಿರ ಕಟ್ಟತೈತಂತರಿ ಅಕ್ಕಾರಿಗೆ. ಪುಕ್ಕಟೆ ಬಿಟ್ಟು ನನ್ನ ಗಾಡಿಗೆ ಬರಾಕತ್ತಾರ" ಎಂದು ಅಂಗಡಿಯ ಮುಂದೆ ನಿಂತು ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಗುರುವಾರಗಳಲ್ಲಿ ನಾನು ಅವರ ಪಕ್ಕದ ಸೀಟಿನಲ್ಲಿ ಕಳ್ಳನಂತೆ ಕೂರುತ್ತಿದ್ದೆ. "ಮೈಯಾಗ ಆರಾಮ ಇಲ್ಲೇನ್ರಿ ಸಾಹೇಬ್ರ? ನಿಮ್ಮ ಗುಳಿಗಿ ನೀವ ನುಂಗಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ" ಎನ್ನುತ್ತಿದ್ದರು.

ಆಮೇಲೆ ಒಂದು ಗುರುವಾರ, ಗೇರು ಬದಲಿಸುತ್ತ ಸಹಜವಾಗಿ ಹೇಳಿದರು: "ನರಗುಂದದಾಂವಗ ಇಲ್ಲಂದೆ."

ನಾನು ಅವರ ಕಡೆ ಪೂರ್ತಿ ತಿರುಗಿ ಕೂತೆ. "ಮತ್ತ ಸಾಲಿ ವ್ಯಾನು?"

"ಅವರಿಗೂ ಇಲ್ಲಂದೆ. ಧಂದೆ ಎದ್ದೈತಲ್ರಿ ಸಾಹೇಬ್ರ. ತುಂಬಿದ ಗಾಡಿ ಬಿಟ್ಟು ಹೋದ್ರ ಅಲ್ಲಾ ಮೆಚ್ಚೂದಿಲ್ಲ."

"ಮಾಮಾ, ಇದು ಎಷ್ಟ ದಿನಾ ನಡದೀತು? ಮತ್ತೊಮ್ಮೆ ಹೋಗಿ ಕೇಳ್ರಿ. ಅವರು ಬ್ಯಾರೆಯವರನ್ನ ತಗೊಳ್ಳೂದರೊಳಗ ಹೋಗ್ರಿ. ನನ್ನ ಮಾತು ಕೇಳ್ರಿ."

ಅವರು ನಗುತ್ತ ನನ್ನ ಮೊಣಕಾಲು ತಟ್ಟಿದರು. "ನಿಮಗ ಚಿಂತಿ ಅಂದ್ರ ಚಟಾರಿ. ತಂಬಾಕು ಇದ್ದಂಗ."

ಹಗಲಿರುಳು ಆಗದ್ದಕ್ಕೆಲ್ಲ ಹೆದರಿದವನ ಮಾತನ್ನು ಆಗುವ ಹೊತ್ತಿಗೆ ಯಾರು ಕೇಳುತ್ತಾರೆ? ಮರುದಿನ ಆಯಿಯ ಮನೆಗೆ ಹೋಗಿ, ಅವಳ ಕಿವಿಗೆ ಬಾಯಿ ಹಚ್ಚಿ, ಪಾಳಿ ನಿಲ್ಲಿಸಿರಿ ಎಂದೆ. ಅವಳು ಮೆಂತೆ ಸೊಪ್ಪಿನ ಬೇರು ಕತ್ತರಿಸುತ್ತ ಕೂತಿದ್ದಳು. ಕುಡಗೋಲು ಕೆಳಗಿಟ್ಟಳು.

"ನಿಲ್ಲಿಸಿದ್ರ ಅಂವಾ ಸಾಯ್ತಾನ. ನಡಿಸಿದ್ರ ನಾವ ಎಷ್ಟ ದಿನಾ ನಡಿಸೋಣು? ಮಂದಿ ಆಗಲೇ ಒದರಾಡಾಕತ್ತಾರ. ನೀವ ಹೇಳ್ರಿ, ಸಾಲಿ ಕಲ್ತಾವರು."

ನಾನು ಉದುರಿದ ಮೆಂತೆ ಎಲೆಗಳನ್ನು ಅವಳ ಬುಟ್ಟಿಗೆ ಹಾಕಿ ಎದ್ದು ಬಂದೆ.

ಪಾಳಿ ಸವೆಯಿತು. ಮೇಲಿನ ಓಣಿಯವರು ದೊಡ್ಡವರನ್ನು ಬಿಟ್ಟು ಮಕ್ಕಳನ್ನು ಕಳಿಸಿದರು. ಇನ್ನೊಂದು ಓಣಿಯವರು ಮದುವೆ, ಹೊಲ ಎಂದು ತಪ್ಪಿಸಿದರು. ಕೆಲವರು ಅಗಸಿಗೆ ಬರದೆ, ಆಚೆ ಹಳ್ಳದ ದಂಡೆಯಲ್ಲಿ ನಿಂತು ಕದ್ದು ಬಸ್ಸು ಹತ್ತಿದರು. ಬಸ್ಸಿನ ಡ್ರೈವರಿಗೆ ಎಲ್ಲ ಗೊತ್ತಿತ್ತು. ಪಾಪ, ಅವನೂ ಅಗಸಿಗೆ ಬೇಕೆಂದೇ ತಡವಾಗಿ ಬರತೊಡಗಿದ್ದ. ಸಾಲಿ ಸುರು ಆಯಿತು. ವ್ಯಾನಿಗೆ ಬೇರೊಬ್ಬ ಡ್ರೈವರ್ ಬಂದನೆಂದು ಅಳಿಯ ಫೋನ್ ಮಾಡಿ ಬೈದನಂತೆ. ಮಾಮಾ ಅದನ್ನೂ ನಗುತ್ತಲೇ ಹೇಳಿದರು.

ಮುಂದೆ ಅವರು ಗಾಡಿ ಮಾರಿ ಗಜೇಂದ್ರಗಡಕ್ಕೆ ಹೋಗಿ ಮಗಳ ಮನೆಯಲ್ಲಿ ಉಳಿದರು. ಅದೇ ಸಾಲಿಯಲ್ಲಿ ವ್ಯಾನು ತೊಳೆಯುವ ಕೆಲಸ ಸಿಕ್ಕಿತ್ತು. ಒಮ್ಮೆ ನಾನು ಹುಡುಕಿಕೊಂಡು ಹೋದಾಗ ಬಕೆಟ್ಟು ಹಿಡಿದೇ ಮಾತಾಡಿದರು, ಊರ ಬಸ್ಸು ಟೈಮಿಗೆ ಬರುತ್ತದೋ ಎಂದು ಕೇಳಿದರು. ಬರುತ್ತದೆ ಅಂದೆ. ಎರಡೂ ಕೈ ಒಂದೇ ಬಣ್ಣಕ್ಕೆ ಬಂದಿದ್ದವು. ಅಷ್ಟೇ. ಆದರೆ ನನಗೆ ನೆನಪಾಗುವುದು ಆ ಬಕೆಟ್ಟಲ್ಲ, ಕಬರಸ್ತಾನವೂ ಅಲ್ಲ. ಕೊನೆಯ ಗುರುವಾರ.

ಅವತ್ತು ಕೆಳಗಿನ ಓಣಿಯವರು ಚೆನ್ನಾಗಿಯೇ ಬಂದಿದ್ದರು. ಹೋದ ವಾರ ತಪ್ಪಿಸಿದ್ದಕ್ಕೆ ಆಯಿ ಬೈದಿದ್ದಳು. ಅವಳೂ ಕಾಯಿಪಲ್ಲೆ ಬುಟ್ಟಿ ಸಮೇತ ನಡುವಿನ ಸೀಟಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಅವಳ ಮೊಮ್ಮಗನ ಹೊಸ ಹೆಂಡತಿ. ಊರು ದಾಟಿ ಕಡಲೆ ಹೊಲಗಳ ನಡುವೆ ಗಾಡಿ ಹೋಗುವಾಗ ಆ ಹುಡುಗಿ ಆಯಿಯ ಕಿವಿಯ ಹತ್ತಿರ ಬಗ್ಗಿ ಕೇಳಿದಳು:

"ಆಯಿ, ಹಿಂದ ಬಸ್ಸು ಇತ್ತಲ್ಲ. ಪುಕ್ಕಟೆ ಹೋಗೂದು ಬಿಟ್ಟು ಇದಕ್ಯಾಕ ಬಂದ್ವಿ?"

ಕಿವಿ ಮಂದದವರ ಪಿಸುಮಾತು ಎಂಥದೆಂದು ನಿಮಗೆ ಗೊತ್ತಿರಬಹುದು. "ಸುಮ್ಮ ಕುಂಡ್ರ" ಅಂದಳು ಆಯಿ. "ಇವತ್ತ ನಮ್ಮ ಓಣಿ ಪಾಳಿ."

ಗಾಡಿ ಓಡುತ್ತಲೇ ಇತ್ತು. ನಾನು ಎದುರಿನ ಗಾಜು ನೋಡುತ್ತಿದ್ದೆ. ಮಾಮಾ ಗೇರು ಬದಲಿಸಿದರು. ಕೇಳಿಸಲಿಲ್ಲವೇನೋ, ದೇವರೇ ಕೇಳಿಸದೇ ಇರಲಿ ಎಂದುಕೊಂಡೆ. ಒಂದು ತಿರುವು ದಾಟಿತು, ಸೇತುವೆ ದಾಟಿತು.

"ನಾಳಿ ಯಾರದು ಪಾಳಿ?" ಎಂದು ಕೇಳಿದರು. ಯಾರನ್ನೂ ನೋಡದೆ, ಬಹಳ ಸಹಜವಾಗಿ.

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಹಿಂದಿನಿಂದ ಒಬ್ಬ, ಸುಳ್ಳು ಹೇಳಲು ಬಾರದವನು, "ಮ್ಯಾಲಿನ ಓಣೀದ್ರಿ ಮಾಮಾ" ಅಂದ.

"ನಾಡದ?"

"ಮಠದ ಓಣೀದ್ರಿ."

ಮಾಮಾ ತಲೆಯಾಡಿಸಿದರು. ಜಾಲಿ ಗಿಡವೊಂದರ ನೆರಳಿಗೆ ಗಾಡಿಯನ್ನು ನಿಧಾನವಾಗಿ ತಂದು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ ಇಳಿದರು. ರಸ್ತೆಯ ನಡುವೆ ಹೋಗಿ ನಿಂತರು. ಹಿಂದಿನಿಂದ ಬಸ್ಸು ಬರುತ್ತಿತ್ತು. ಎರಡೂ ಕೈ ಎತ್ತಿ ಅದನ್ನು ನಿಲ್ಲಿಸಿದರು.

"ಏನಾತೋ ಮಾಮಾ?" ಡ್ರೈವರ್ ಬಗ್ಗಿ ಕೂಗಿದ. "ಗಾಡಿ ಕೆಡ್ತೇನು?"

"ಇಲ್ಲಪಾ. ಗಾಡಿ ಚಲೋ ಐತಿ."

ಬಂದು ಹಿಂದಿನ ಬಾಗಿಲು ತೆಗೆದರು. ಸಿಟ್ಟು ಮಾಡಿದ್ದರೆ, ಬೈದಿದ್ದರೆ ನಾವು ಬದುಕುತ್ತಿದ್ದೆವು. ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸಿದರು. ಚೀಲಗಳನ್ನು ಬಸ್ಸಿಗೆ ಎತ್ತಿ ಕೊಟ್ಟರು. ಆಯಿ ಅಳುತ್ತಿದ್ದಳು. "ಯಪ್ಪಾ, ತಪ್ಪ ತಿಳ್ಕೋಬ್ಯಾಡೋ, ನಿನ್ನ ಚಲೋದಕ್ಕನ ಮಾಡಿದ್ವೋ" ಎಂದು ಅವರ ಟವೆಲ್ಲು ಹಿಡಿದುಕೊಂಡಳು. ಅವರು ಟವೆಲ್ಲನ್ನು ಮೆಲ್ಲಗೆ ಬಿಡಿಸಿಕೊಂಡು, ಅವಳ ಬುಟ್ಟಿಯನ್ನು ತಮ್ಮ ತಲೆಯ ಮೇಲೆ ಹೊತ್ತು ತಂದು, ಬಸ್ಸಿನ ಮುಂದಿನ ಸೀಟಿನ ಕೆಳಗೆ ಉರುಳದಂತೆ ಇಟ್ಟರು. "ಗೊತ್ತೈತಿ ಆಯಿ. ಹುಷಾರಿಂದ ಹೋಗು" ಅಂದರು.

ಕೊನೆಗೆ ಉಳಿದವನು ನಾನು. ನನ್ನ ಸೀಟಿನಿಂದ ನಾನು ಇಳಿದಿರಲಿಲ್ಲ.

"ಹತ್ರಿ ಸಾಹೇಬ್ರ. ಬಸ್ಸು ತಡಾ ಆಗ್ತೈತಿ."

"ನಾ ನಿಮ್ಮ ಜೋಡಿನ ಬರ್ತೀನಿ ಮಾಮಾ. ಪಾಳಿಗಲ್ಲ, ಸುಮ್ಮ ಬರ್ತೀನಿ."

ಅವರು ಮೊದಲ ಸಲ ನನ್ನ ಮುಖ ನೋಡಿದರು. "ನಿಮಗ ಗುರುವಾರ ಕೊಟ್ಟಿದ್ರಲ್ರಿ?" ಅಂದರು. "ಗುರುವಾರ ಮುಗೀತ್ರಿ."

ನಾನು ಇಳಿದು ಬಸ್ಸು ಹತ್ತಿದೆ. ಸೀಟು ಇತ್ತು, ಕೂರಲಿಲ್ಲ. ಕಂಡಕ್ಟರ್ ಸೀಟಿ ಊದಲು ಮರೆತು ನಿಂತಿದ್ದ, ಡ್ರೈವರ್ ತಾನಾಗಿಯೇ ಗಾಡಿ ಬಿಟ್ಟ. ಹಿಂದಿನ ಗಾಜಿಗೆ ಹೋಗಿ ನಿಂತು ನೋಡಿದೆ. ಮಾಮಾ ಸ್ಟೇರಿಂಗಿನ ಕಡೆ ಹೋಗಲಿಲ್ಲ. ತೆರೆದೇ ಇದ್ದ ಹಿಂದಿನ ಬಾಗಿಲಿನಿಂದ ಒಳಗೆ ಹತ್ತಿದರು. ಹತ್ತಿ, ಆ ಹೊಸ ಕೆಂಪು ಕವರಿನ ಸೀಟಿನ ಒಂದು ತುದಿಯಲ್ಲಿ, ಉಳಿದವರಿಗೆ ಜಾಗ ಬಿಟ್ಟವರ ಹಾಗೆ ಮೊಣಕಾಲು ಮಡಚಿ, ಕೈ ಕಟ್ಟಿಕೊಂಡು ಕೂತರು.